ಬೆಚ್ಚದವನ ಪರ್ಸೆಂಟ್ ಎಷ್ಟು?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಒಂದು ಸೆಟಪ್ ಮಾಡಿದ್ವಿ. ಕಣ್ಣಿನ ಕೆಳಗೆ ಎರಡು ಎಲೆಕ್ಟ್ರೋಡ್ ಅಂಟಿಸೋದು, ಹೆಡ್‌ಫೋನಿನಲ್ಲಿ ಇದ್ದಕ್ಕಿದ್ದಂತೆ ಒಂದು ಜೋರು ಶಬ್ದ ಬಿಡೋದು, ಕಣ್ಣು ಎಷ್ಟು ಬಿರುಸಾಗಿ ಮಿಟುಕುತ್ತೆ ಅಂತ ಇಎಂಜಿ ಸಿಗ್ನಲ್‌ನಲ್ಲಿ ಅಳೆಯೋದು. ಕೂತವರೂ ನಾವೇ, ಅಳೆದವರೂ ನಾವೇ. ನಮ್ಮಲ್ಲೊಬ್ಬನಿಗೆ ಮೊದಲ ದಿನ 60 ಪರ್ಸೆಂಟ್ ಬಂತು, ಎರಡನೇ ದಿನ ಮೈನಸ್ 10. "ಮಗಾ, ನಿನ್ನ ಗೇಟ್ ಕೆಟ್ಟೋಗಿದೆ" ಅಂತ ನಕ್ವಿ. ಅವನು ರಾತ್ರಿ ಒಬ್ಬನೇ ಕೂತು ಗೂಗಲ್ ಮಾಡಿದ್ದಾನೆ. ಈ ಪರ್ಸೆಂಟ್ ಸ್ಕಿಜೋಫ್ರೇನಿಯಾ ಇರುವವರಲ್ಲಿ ಕಮ್ಮಿ ಇರುತ್ತೆ ಅಂತ ಓದಿಕೊಂಡು, ಬೆಳಿಗ್ಗೆ ಮೆಸ್‌ಗೇ ಬರಲಿಲ್ಲ.

ನಾವು ಅಳೆದಿದ್ದು ಏನನ್ನ ಅಂತ ಮೊದಲು ಹೇಳ್ತೀವಿ. ಪಕ್ಕದಲ್ಲಿ ಪಟಾಕಿ ಸಿಡಿದರೆ ಎಲ್ಲರೂ ಬೆಚ್ಚಿಬೀಳ್ತೀವಿ. ಆದರೆ ಆ ದೊಡ್ಡ ಶಬ್ದಕ್ಕೆ ಸುಮಾರು 100 ಮಿಲಿಸೆಕೆಂಡ್ ಮುಂಚೆ ಒಂದು ಸಣ್ಣ ಶಬ್ದ ಕಿವಿಗೆ ಬಿದ್ದಿದ್ದರೆ ಬೆಚ್ಚುವುದು ಕಡಿಮೆಯಾಗುತ್ತೆ. "ಹುಷಾರು" ಅಂತ ಯಾರೋ ಕೂಗಿದಾಗ ನಾವು ತಯಾರಾಗ್ತೀವಲ್ಲ, ಆ ಥರ ಅಲ್ಲ ಇದು. ಯೋಚನೆ ಮಾಡೋಕೆ ಅಷ್ಟು ಹೊತ್ತೇ ಇರಲ್ಲ. ಈ ತಡೆಗೆ ಪ್ರೀಪಲ್ಸ್ ಇನ್ಹಿಬಿಷನ್, ಚಿಕ್ಕದಾಗಿ ಪಿಪಿಐ ಅಂತ ಹೆಸರು. ಒಳಗೆ ಬರುವ ಮಾಹಿತಿಗೆಲ್ಲ ಬಾಗಿಲು ತೆಗೆಯದೆ ಮಿದುಳು ಒಂದಷ್ಟನ್ನು ತಡೆಯುತ್ತಲ್ಲ, ಆ ಗೇಟಿನ ಅಳತೆ ಅಂತ ಇದನ್ನು ಬಳಸುತ್ತಾರೆ. 1978ರಲ್ಲಿ ಡೇವಿಡ್ ಬ್ರಾಫ್ ಮತ್ತು ಜೊತೆಗಾರರು ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಡೆ ಕಡಿಮೆ ಅಂತ ತೋರಿಸಿದರು. ಅದು ಗುಂಪಿನ ಸರಾಸರಿಯ ಮಾತು. ಒಬ್ಬನನ್ನ ಕೂರಿಸಿ ರೋಗ ಹೇಳುವ ಟೆಸ್ಟ್ ಅಲ್ಲವೇ ಅಲ್ಲ. ನಮ್ಮ ಗೆಳೆಯನಿಗೆ ಇಷ್ಟು ಹೇಳಿದ್ರೂ ಸಾಕಿತ್ತು. ಆದರೆ ಅಷ್ಟಕ್ಕೇ ಬಿಟ್ಟಿದ್ದರೆ ಆ ಮೈನಸ್ 10 ಎಲ್ಲಿಂದ ಬಂತು ಅಂತ ಗೊತ್ತಾಗ್ತಿರಲಿಲ್ಲ.

ಪರ್ಸೆಂಟ್ ಬರೋದು ಹೀಗೆ: ದೊಡ್ಡ ಶಬ್ದ ಒಂದೇ ಬಂದಾಗಿನ ಬೆಚ್ಚುವಿಕೆಯಿಂದ, ಸಣ್ಣ ಶಬ್ದ ಮುಂದೆ ಇದ್ದಾಗಿನ ಬೆಚ್ಚುವಿಕೆಯನ್ನು ಕಳೆದು, ಮೊದಲಿನದರಿಂದ ಭಾಗಿಸಿ, ನೂರರಿಂದ ಗುಣಿಸೋದು. ಭಾಗಿಸಿದ್ದೀವಲ್ಲ, ನಾರ್ಮಲೈಸ್ ಆಯ್ತು, ಇನ್ನು ಯಾರು ಎಷ್ಟು ಬೆಚ್ಚುತ್ತಾರೆ ಅನ್ನೋದು ಮುಖ್ಯ ಅಲ್ಲ ಅಂತ ನಾವೂ ನಂಬಿದ್ವಿ. ಇಲ್ಲೇ ಎಡವಿದ್ದು.

ಒಂದು ಲೆಕ್ಕ ಹಾಕೋಣ. ಒಬ್ಬನಿಗೆ 200 ಯೂನಿಟ್ ಇದ್ದದ್ದು ಪ್ರೀಪಲ್ಸ್‌ನಿಂದ 100 ಆಯ್ತು. ಇನ್ನೊಬ್ಬನಿಗೆ 40 ಇದ್ದದ್ದು 20. ಇಬ್ಬರಿಗೂ 50 ಪರ್ಸೆಂಟ್. ಈಗ ಮುಖದ ಸ್ನಾಯು ಸುಮ್ಮನಿದ್ದಾಗಲೂ ಇಎಂಜಿಯಲ್ಲಿ 10 ಯೂನಿಟ್ ನಾಯ್ಸ್ ಇರುತ್ತೆ, ಅದು ಎಲ್ಲ ರೀಡಿಂಗ್‌ಗೂ ಸೇರಿದೆ ಅಂತ ಇಟ್ಕೊಳ್ಳಿ. ಅದನ್ನ ತೆಗೆದರೆ ಮೊದಲನೆಯವನದ್ದು 190ರಿಂದ 90, ಸುಮಾರು 53 ಪರ್ಸೆಂಟ್. ಎರಡನೆಯವನದ್ದು 30ರಿಂದ 10, ಸುಮಾರು 67 ಪರ್ಸೆಂಟ್! ಅದೇ ನಾಯ್ಸ್ ಒಬ್ಬನನ್ನು ಮುಟ್ಟಲೇ ಇಲ್ಲ, ಇನ್ನೊಬ್ಬನನ್ನು ಅಲ್ಲಾಡಿಸಿಬಿಟ್ಟಿತು. ಮೇಲಿನ ತುದಿಯಲ್ಲೂ ಇದೇ ಕಥೆ. ಜಾಸ್ತಿ ಬೆಚ್ಚುವವನ ನಿಜವಾದ ರೀಡಿಂಗ್ 300 ಇದ್ದು ಆಂಪ್ಲಿಫೈಯರ್ 200ಕ್ಕೇ ಕ್ಲಿಪ್ ಆದರೆ, ಅವನ 67 ಪರ್ಸೆಂಟ್ ನಮಗೆ 50 ಆಗಿ ಕಾಣುತ್ತೆ. ಸ್ಯಾಚುರೇಷನ್, ನಾಯ್ಸ್ ಫ್ಲೋರ್ ಎಲ್ಲ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸ್‌ಗೆ ಬರೆದು ಬಂದವರೇ ನಾವು. ಮನುಷ್ಯನ ಮೇಲೆ ಎಲೆಕ್ಟ್ರೋಡ್ ಅಂಟಿಸಿದ ಕೂಡಲೇ ಮರೆತುಹೋಯ್ತು.

ಹಾಗಾದ್ರೆ ಭಾಗಿಸೋದೇ ಬೇಡ, ಬರೀ ವ್ಯತ್ಯಾಸ ತಗೊಂಡ್ರೆ? ಅದು ಇನ್ನೂ ಮೋಸ. 40 ಯೂನಿಟ್ ಬೆಚ್ಚುವವನು 100 ಇಳಿಸೋದು ಹೇಗೆ ಸಾಧ್ಯ?

ಪ್ರಾಣಿಗಳ ಪ್ರಯೋಗದಲ್ಲಿ ಈ ತೊಂದರೆ ಇನ್ನೂ ದೊಡ್ಡದು. ಅಲ್ಲಿ ಇಲಿಯನ್ನು ಸೆನ್ಸರ್ ಇರುವ ಪ್ಲಾಟ್‌ಫಾರ್ಮ್ ಮೇಲೆ ಇಟ್ಟು ಇಡೀ ಮೈ ಎಷ್ಟು ಅದುರುತ್ತೆ ಅಂತ ಅಳೀತಾರೆ. ದಪ್ಪ ಇಲಿ, ಸಣ್ಣ ಇಲಿಗೆ ರೀಡಿಂಗೇ ಬೇರೆ. ಲ್ಯಾಬ್‌ಗಳಲ್ಲಿ ತುಂಬಾ ಬಳಸುವ ಬ್ಲ್ಯಾಕ್ 6 ತಳಿಗೆ ವಯಸ್ಸಾದಂತೆ ಕಿವಿ ಮಂದವಾಗುತ್ತೆ. ಬೆಚ್ಚುವುದು ಬದಲಾದರೆ ಅದು ಗೇಟಿನದೋ ಕಿವಿಯದೋ? ಹೊಸ ಔಷಧಿ ಗೇಟನ್ನು ಸರಿಮಾಡಿತು ಅಂತ ಬರೆಯೋ ಮುಂಚೆ, ಅದು ಬೆಚ್ಚುವುದನ್ನೇ ಬದಲಿಸಿಬಿಟ್ಟಿತಾ ಅಂತ ಕೇಳಲೇಬೇಕು. ಇದು ನಾವು ಕಂಡುಹಿಡಿದ ಪ್ರಶ್ನೆಯೇನಲ್ಲ. 2008ರಲ್ಲಿ ಇದರ ಮೇಲೇ ಒಂದು ಪೇಪರ್ ಬಂದಿದೆ. ನಾವು ಓದಿದ್ದು ಎಲ್ಲಾ ಆದಮೇಲೆ, ಅದು ಬೇರೆ ಮಾತು.

ನಮ್ಮ ಗೆಳೆಯನ ವಿಷಯಕ್ಕೆ ಬರೋಣ. ರಾ ಸಿಗ್ನಲ್ ತೆರೆದು ನೋಡಿದರೆ ಅವನು ಬೆಚ್ಚೋದೇ ಇಲ್ಲ ಅನ್ನುವಷ್ಟು ಕಮ್ಮಿ. ನಮ್ಮದರ ಐದನೇ ಒಂದು ಭಾಗವೂ ಇಲ್ಲ. ಅದರ ಮೇಲೆ ನಮ್ಮ ತಪ್ಪು ಒಂದು. ಎರಡನೇ ದಿನ ಸಮಯ ಉಳಿಸೋಕೆ ಪ್ರೀಪಲ್ಸ್ ಇರುವ ಟ್ರಯಲ್‌ಗಳನ್ನೆಲ್ಲ ಮೊದಲು ಮಾಡಿ, ಬರೀ ದೊಡ್ಡ ಶಬ್ದದ್ದನ್ನು ಕೊನೆಗೆ ಇಟ್ಟಿದ್ವಿ. ಅದೇ ಶಬ್ದ ಮತ್ತೆ ಮತ್ತೆ ಕೇಳಿದರೆ ಬೆಚ್ಚುವುದು ತಾನಾಗೇ ಇಳಿಯುತ್ತೆ. ಕೊನೆಯ ಹೊತ್ತಿಗೆ ಭಾಗಿಸುವ ಸಂಖ್ಯೆಯೇ ಕುಗ್ಗಿಹೋಗಿತ್ತು. ನಮ್ಮೆಲ್ಲರ ಪರ್ಸೆಂಟೂ ಆ ದಿನ ಇಳಿದಿತ್ತು, ಮೈನಸ್‌ಗೆ ಹೋಗಿದ್ದು ಅವನದೊಂದೇ. ಟ್ರಯಲ್‌ಗಳನ್ನು ಕಲಸಿ ಮಾಡಬೇಕಿತ್ತು.

ಆದ್ದರಿಂದ ನಮ್ಮ ವಾದ ಇಷ್ಟೇ: ಪರ್ಸೆಂಟ್ ಬರೆಯುವವರು ಪಕ್ಕದಲ್ಲೇ ಬೇಸ್‌ಲೈನ್ ಬೆಚ್ಚುವಿಕೆಯನ್ನೂ ಬರೀಬೇಕು. ಗುಂಪುಗಳನ್ನು ಹೋಲಿಸುವ ಮುಂಚೆ ಇಬ್ಬರ ಬೇಸ್‌ಲೈನ್ ಒಂದೇ ಮಟ್ಟದಲ್ಲಿದೆಯಾ ನೋಡಬೇಕು. ತೀರಾ ಕಮ್ಮಿ ಬೆಚ್ಚುವವರನ್ನು ಲೆಕ್ಕದಿಂದ ಕೈಬಿಡೋದು ಈ ಕ್ಷೇತ್ರದಲ್ಲಿ ರೂಢಿ. ಬಿಡಲಿ, ಆದರೆ ಎಷ್ಟು ಜನರನ್ನ, ಯಾವ ಮಿತಿ ಇಟ್ಟು ಅಂತ ಹೇಳಲಿ. ಹಾಸ್ಟೆಲ್‌ನಲ್ಲಿ ಹುಡುಕಿದ್ರೆ ಪಟಾಕಿಗೂ ಅಲ್ಲಾಡದ ಗಿರಾಕಿಗಳು ಫ್ಲೋರ್‌ಗೆ ಇಬ್ಬರಾದರೂ ಸಿಗ್ತಾರೆ!

"ಸ್ಲೈಡ್‌ನಲ್ಲಿ ಒಂದೇ ನಂಬರ್ ಇರಲಿ, ಚೆನ್ನಾಗಿ ಕಾಣುತ್ತೆ" ಅಂತ ನಮಗೆ ಸಲಹೆ ಬಂದಿತ್ತು. ನಾವು ಬೇಸ್‌ಲೈನ್‌ನ ಕಾಲಮ್ ಸೇರಿಸೇ ಕೊಟ್ವಿ. ಗೆಳೆಯನ ಸಾಲಿನಲ್ಲಿ ಪರ್ಸೆಂಟ್ ಜಾಗ ಖಾಲಿ ಬಿಟ್ವಿ. ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಬಂತು: "ಇದ್ಯಾಕ್ರೀ ಖಾಲಿ?" ಎದ್ದು ಉತ್ತರ ಕೊಟ್ಟಿದ್ದು ಅವನೇ.