ಕೀಮೋ ದಿನಗಳಲ್ಲಿ ತಟ್ಟೆ ಖಾಲಿಯಾಗದಿರಲಿ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ಕೂಡಲೇ ನಾವು ಅವರ ತಟ್ಟೆಯಿಂದ ಒಂದೊಂದನ್ನೇ ತೆಗೆಯತೊಡಗುತ್ತೇವೆ. ಮೀನು ನಂಜು, ಮೊಟ್ಟೆ ಉಷ್ಣ, ಹಾಲು ಕಫ, ಸಕ್ಕರೆಯಿಂದ ಗಡ್ಡೆ ಬೆಳೆಯುತ್ತದೆ. ಕೊನೆಗೆ ಉಳಿಯುವುದು ತಿಳಿಗಂಜಿ ಮತ್ತು ಉಪ್ಪಿನಕಾಯಿಯ ಒಂದು ಹೋಳು. ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ, ನಿಜ. ಆದರೆ ಚಿಕಿತ್ಸೆಯ ದಿನಗಳಲ್ಲಿ ದೇಹ ಕೇಳುವುದು ಇದಕ್ಕೆ ವಿರುದ್ಧವಾದುದನ್ನು.

ಕೀಮೋಥೆರಪಿಯ ಔಷಧಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಮಜ್ಜೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಇವು ಮತ್ತೆ ಚೇತರಿಸಿಕೊಳ್ಳಲು ಪ್ರೊಟೀನ್ ಬೇಕು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ, ಅಂದರೆ 50 ಕಿಲೋ ತೂಗುವ ಮಹಿಳೆಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ತಿಳಿಗಂಜಿಯಲ್ಲಿ ಎಷ್ಟಿರಬಹುದೆಂದು ನೀವೇ ಲೆಕ್ಕ ಹಾಕಿ. ತೂಕ ತೀರಾ ಇಳಿದು ನಿತ್ರಾಣವಾದರೆ ವೈದ್ಯರು ಮುಂದಿನ ಕೀಮೋವನ್ನು ಮುಂದೂಡಬೇಕಾಗಬಹುದು, ಇಲ್ಲವೇ ಡೋಸ್ ತಗ್ಗಿಸಬೇಕಾಗಬಹುದು.

ಸಕ್ಕರೆಯ ಮಾತಿಗೆ ಬರೋಣ. ನಾವು ತಿನ್ನುವ ಅನ್ನ, ರೊಟ್ಟಿ ಎಲ್ಲವೂ ದೇಹದಲ್ಲಿ ಗ್ಲೂಕೋಸ್ ಆಗುತ್ತವೆ. ಚಹಾಕ್ಕೆ ಸಕ್ಕರೆ ಹಾಕದಿದ್ದರೆ ಗಡ್ಡೆ ಉಪವಾಸ ಬೀಳುವುದಿಲ್ಲ, ಸೊರಗುವುದು ರೋಗಿ ಮಾತ್ರ. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರ ವಿಷಯ ಬೇರೆ, ಅವರು ವೈದ್ಯರನ್ನು ಕೇಳಿಯೇ ಆಹಾರ ನಿರ್ಧರಿಸಬೇಕು.

ನಮ್ಮ ಮನೆಗಳಲ್ಲಿ ಸೂಪಿನ ಮೇಲೆ ಬಹಳ ನಂಬಿಕೆ. ಕೋಳಿಯನ್ನೋ ಕಾಲನ್ನೋ ಗಂಟೆಗಟ್ಟಲೆ ಕುದಿಸಿ, ಸೋಸಿದ ನೀರನ್ನು ರೋಗಿಗೆ ಕೊಟ್ಟು, ಮಾಂಸವನ್ನು ಉಳಿದವರು ತಿನ್ನುತ್ತಾರೆ! ಸೂಪು ಬಾಯಿಗೆ ಹಿತ, ದೇಹಕ್ಕೆ ನೀರೂ ಉಪ್ಪೂ ಸಿಗುತ್ತದೆ. ಆದರೆ ಪ್ರೊಟೀನಿನ ಹೆಚ್ಚಿನ ಪಾಲು ಉಳಿದಿರುವುದು ತುಂಡಿನಲ್ಲೇ. ಆ ತುಂಡನ್ನು ನುಣ್ಣಗೆ ಹಿಸುಕಿ ಸೂಪಿಗೇ ಸೇರಿಸಿ ಕೊಡಿ.

ಗಂಜಿಯನ್ನೂ ಬಿಡಬೇಕಿಲ್ಲ, ಗಟ್ಟಿ ಮಾಡಿದರಾಯಿತು. ಒಂದು ಹಿಡಿ ಅಕ್ಕಿಗೆ ಅರ್ಧ ಹಿಡಿ ಹೆಸರುಬೇಳೆ ಸೇರಿಸಿ, ಚಿಟಿಕೆ ಜೀರಿಗೆ ಹಾಕಿ ಮೆತ್ತಗೆ ಬೇಯಿಸಿ. ಚೆನ್ನಾಗಿ ಬೆಂದ ಮೂಳೆಯಿಲ್ಲದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ ಹಾಕಿ. ಇಲ್ಲವಾದರೆ ಕಲಸಿದ ಮೊಟ್ಟೆಯನ್ನು ಕುದಿಯುವ ಗಂಜಿಗೆ ಸುರಿದು ಪೂರ್ತಿ ಬೇಯಲು ಬಿಡಿ. ಮೇಲೆ ಒಂದು ಚಮಚ ತುಪ್ಪ. ಬಾಯಿಯಲ್ಲಿ ಹುಣ್ಣಾಗಿದ್ದರೆ ಖಾರ, ಹುಳಿ, ಟೊಮೆಟೊ ಬೇಡ, ಉಗುರುಬೆಚ್ಚಗೆ ಬಡಿಸಿ. ರಾಗಿ ಅಂಬಲಿಗೆ ಎರಡು ಚಮಚ ಹಾಲಿನ ಪುಡಿ ಬೆರೆಸಿದರೂ ಶಕ್ತಿ ಹೆಚ್ಚುತ್ತದೆ.

ಹೊಟ್ಟೆ ತೊಳಸುವಾಗ ಮೂರು ಹೊತ್ತಿನ ಊಟದ ಹಟ ಬೇಡ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಬಿಸಿ ಆಹಾರದ ವಾಸನೆ ಹೆಚ್ಚು, ಆದ್ದರಿಂದ ತಣಿದ ಮೊಸರನ್ನ, ಇಡ್ಲಿ ಸುಲಭವಾಗಿ ಒಳಗಿಳಿಯುತ್ತವೆ. (ಆಕ್ಸಾಲಿಪ್ಲಾಟಿನ್ ಎಂಬ ಔಷಧ ಪಡೆಯುವವರಿಗೆ ತಣ್ಣಗಿನದನ್ನು ಮುಟ್ಟಿದರೂ ಕುಡಿದರೂ ಜುಮ್ಮೆನ್ನುತ್ತದೆ, ಫ್ರಿಜ್ಜಿನ ವಸ್ತು ಅವರಿಗಲ್ಲ.) ಬಾಯಿಯಲ್ಲಿ ಕಬ್ಬಿಣ ಕಚ್ಚಿದಂತೆ ರುಚಿ ಬಂದರೆ ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ. ಅವರ ಅತಿ ಇಷ್ಟದ ಅಡುಗೆಯನ್ನು ವಾಂತಿಯ ದಿನಗಳಲ್ಲಿ ಒತ್ತಾಯಿಸಿ ತಿನ್ನಿಸಬೇಡಿ, ಮುಂದೆ ಅದನ್ನು ಕಂಡರೇ ವಾಕರಿಕೆ ಬರಬಹುದು.

ಇನ್ನೊಂದು ಮಾತು, ಮನೆಯ ಗಂಡಸರೂ ಕೇಳಬೇಕಾದುದು. ಅನೇಕ ಮನೆಗಳಲ್ಲಿ ರೋಗಿಯೇ ಮನೆಯ ಅಡುಗೆಯವಳು. ನಮ್ಮ ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರ್. ಕೀಮೋ ಮುಗಿಸಿ ಬಂದ ಮರುದಿನವೇ ಒಗ್ಗರಣೆಯ ಹೊಗೆಯಲ್ಲಿ ನಿಂತ ಉಮ್ಮನಿಗೆ ತಾನೇ ಮಾಡಿದ ಸಾರು ಸೇರುವುದಾದರೂ ಹೇಗೆ? ವಾರಕ್ಕೆ ನಾಲ್ಕು ದಿನವಾದರೂ ಸೌಟು ಬೇರೆ ಕೈಗೆ ಹೋಗಲಿ. ಮಗನ ಕೈಗೆ ಹೋದರೂ ಅಡುಗೆಮನೆ ಕುಸಿಯುವುದಿಲ್ಲ.

ರಮಝಾನಿನಲ್ಲಿ ಇದು ಇನ್ನೂ ಕಷ್ಟ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಎಲ್ಲರಿಗೂ ಗೊತ್ತು. ಆದರೆ ಹಗಲು ಒಲೆ ಹಚ್ಚದ ಮನೆಯಲ್ಲಿ ಆಕೆ ಸಂಕೋಚದಿಂದ ಕೇಳುವುದೇ ಇಲ್ಲ. ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ಬಿಸಿ ಹಾಲು, ಡಬ್ಬಿಯಲ್ಲಿ ಖರ್ಜೂರ ಮತ್ತು ಬಾದಾಮಿಯನ್ನು ಆಕೆಯ ಕೋಣೆಯಲ್ಲೇ ಇಟ್ಟುಬಿಡಿ. ಮಧ್ಯಾಹ್ನದ ಗಂಜಿಯನ್ನು ಮಾತ್ರ ಆ ಹೊತ್ತಿಗೇ ಮಾಡಿ.

ಕೀಮೋ ಆಗಿ ಸುಮಾರು 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಕತ್ತರಿಸಿಟ್ಟ ಹಣ್ಣು, ಹೊರಗಿನ ಚಟ್ನಿ ಬೇಡ. ನೋಡಲು ಬರುವ ನೆಂಟರ ಬಿರಿಯಾನಿ ಬೆಳಿಗ್ಗೆ ಮಾಡಿದ್ದಾದರೆ ರೋಗಿಯ ತಟ್ಟೆಗೆ ಬೇಡ, ಮನೆಯವರೇ ತಿನ್ನಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಕಲೋಂಜಿ ಎಣ್ಣೆ, ಪಪ್ಪಾಯಿ ಎಲೆಯ ರಸ, ಯಾರೋ ಹೇಳಿದ ಕಷಾಯ ಕೊಡುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಇಂಥವುಗಳಲ್ಲಿ ಕೆಲವು ಔಷಧದ ಕೆಲಸವನ್ನೇ ಏರುಪೇರು ಮಾಡಬಲ್ಲವು.

ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಿಗೆ ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗುವವರು ಬಾಳೆಹಣ್ಣು, ಕಡಲೆ ಚಿಕ್ಕಿ, ಹುರಿದ ರಾಗಿ ಹಿಟ್ಟು, ಒಂದು ಫ್ಲಾಸ್ಕ್ ಬಿಸಿನೀರು ಜೊತೆಗಿಟ್ಟುಕೊಳ್ಳಿ. ಜೊತೆಗೆ ಒಂದು ಪುಟ್ಟ ಪುಸ್ತಕವೂ ಇರಲಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿದ ತೂಕವನ್ನು ಅದರಲ್ಲಿ ಬರೆದಿಟ್ಟು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಿ.