ಟಿಬಿ ವಾಸಿಯಾದ ಮೇಲೂ ಉಳಿಯುವ ಕಫ

ಕ್ಷಯ ವಾಸಿಯಾಯಿತೆಂದು ಆಸ್ಪತ್ರೆಯವರು ಹೇಳಿ ಕಳುಹಿಸಿದ ಮೇಲೂ ಎಷ್ಟೋ ಮಂದಿಗೆ ಕೆಮ್ಮು ಬಿಡುವುದಿಲ್ಲ. ರೋಗಾಣು ಸತ್ತಿರುತ್ತದೆ. ಅದು ಕೆಡಿಸಿಹೋದ ಶ್ವಾಸನಾಳಗಳು ಮಾತ್ರ ಹಿಗ್ಗಿದಂತೆಯೇ ಉಳಿದು, ಅವುಗಳಲ್ಲಿ ಕಫ ಮಡುಗಟ್ಟುತ್ತದೆ. ವೈದ್ಯರು ಇದನ್ನು ಬ್ರಾಂಕಿಯೆಕ್ಟೇಸಿಸ್ ಎನ್ನುತ್ತಾರೆ. ಭಾರತದ 31 ಕೇಂದ್ರಗಳ 2,195 ರೋಗಿಗಳ ವಿವರ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಕಾಯಿಲೆ ಬಂದದ್ದು ಹಳೆಯ ಕ್ಷಯದಿಂದ.

ಇಂಥವರಿಗೆ ಗಾಢ ಉಪ್ಪುನೀರನ್ನು ನೆಬುಲೈಜರ್ ಮೂಲಕ ಸೇದುವಂತೆ ಬರೆದುಕೊಡುವುದುಂಟು. ನಮ್ಮ ದೇಹದ ದ್ರವಕ್ಕೆ ಹೊಂದುವ ಸಾದಾ ಸಲೈನ್‌ನಲ್ಲಿ ಉಪ್ಪು ಶೇ 0.9 ಇದ್ದರೆ, ಇದರಲ್ಲಿ ಶೇ 3ರಿಂದ 7ರವರೆಗೆ ಇರುತ್ತದೆ. ಉಪ್ಪು ಸುತ್ತಲಿನ ಅಂಗಾಂಶದಿಂದ ನೀರೆಳೆದು ಶ್ವಾಸನಾಳದ ಒಳಮೈಯನ್ನು ತೇವಗೊಳಿಸುತ್ತದೆ. ಅಂಟಂಟಾದ ಕಫ ಸಡಿಲವಾಗಿ ಮೇಲೆ ಬರುತ್ತದೆ.

ಈ ಚಿಕಿತ್ಸೆಗೆ ಹೆಸರು ಬಂದದ್ದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ. ಆಸ್ಟ್ರೇಲಿಯಾದ ಸಂಶೋಧಕರು 164 ರೋಗಿಗಳನ್ನು 48 ವಾರ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 7ರ ದ್ರಾವಣವನ್ನು ದಿನಕ್ಕೆರಡು ಬಾರಿ ಸೇದಿದವರಲ್ಲಿ ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿದ್ದು ಅಲ್ಪವೇ. ಆದರೆ ಸಾದಾ ಸಲೈನ್ ಸೇದಿದವರಿಗೆ ಹೋಲಿಸಿದರೆ ಕಾಯಿಲೆ ಉಲ್ಬಣಿಸಿದ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಅಲ್ಲಿ ಫಲಿಸಿದ್ದು ಎಲ್ಲ ಕಫಕ್ಕೂ ಫಲಿಸುತ್ತದೆಂಬ ನಂಬಿಕೆ ಹಬ್ಬಿತು. ಸಿಸ್ಟಿಕ್ ಫೈಬ್ರೋಸಿಸ್ ಅಲ್ಲದ ಬ್ರಾಂಕಿಯೆಕ್ಟೇಸಿಸ್‌ನಲ್ಲಿ ಅದನ್ನು ನೇರವಾಗಿ ಒರೆಗೆ ಹಚ್ಚಿದ್ದು ಬ್ರಿಟನ್ನಿನ ‘ಕ್ಲಿಯರ್’ ಪ್ರಯೋಗ. 288 ರೋಗಿಗಳ ಈ ಪ್ರಯೋಗದ ಫಲಿತಾಂಶ ಬಂದದ್ದು 2025ರಲ್ಲಿ. ಶೇ 6ರ ಉಪ್ಪುನೀರು ಸೇದಿದವರಲ್ಲಿ ವರ್ಷವಿಡೀ ಉಲ್ಬಣಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ; ಕಫ ತೆಳುಗೊಳಿಸುವ ಕಾರ್ಬೊಸಿಸ್ಟೀನ್ ಕೂಡ ನೆರವಾಗಲಿಲ್ಲ.

ಹಾಗಾದರೆ ಉಪ್ಪುನೀರು ವ್ಯರ್ಥವೇ? ನನಗೆ ಹಾಗೆ ಕಾಣುವುದಿಲ್ಲ. ಆ ಪ್ರಯೋಗದಲ್ಲಿ ಉಪ್ಪುನೀರು ಸಿಗದವರೂ ಬರಿಗೈಯಲ್ಲಿ ಇರಲಿಲ್ಲ: ಕಫ ಹೊರಹಾಕುವ ಉಸಿರಾಟದ ಕ್ರಮಗಳೂ ಸೇರಿದ ವಾಡಿಕೆಯ ಆರೈಕೆ ಎಲ್ಲರಿಗೂ ಇತ್ತು. ಆಳವಾಗಿ ಉಸಿರೆಳೆದು, ಬಾಯಿ ತೆರೆದು ‘ಹಾ’ ಎಂದು ದೂಡುವುದು, ಕಫ ಇರುವ ಭಾಗ ಮೇಲಾಗುವಂತೆ ಮಲಗುವುದು, ಇವನ್ನು ದಿನವೂ ಮಾಡುವುದು. ಇಷ್ಟಿದ್ದಾಗ ಉಪ್ಪುನೀರಿನಿಂದ ಹೆಚ್ಚಿನದೇನೂ ಖಚಿತವಾಗಿ ದಕ್ಕಲಿಲ್ಲ ಎಂಬುದಷ್ಟೇ ಈ ಫಲಿತಾಂಶದ ಅರ್ಥ. ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು. ಯಂತ್ರ, ದ್ರಾವಣ, ಸಿರಪ್ಪು ಚೀಟಿಯಲ್ಲಿ ಮೊದಲು ಬರುತ್ತವೆ. ಕಫ ಹೇಗೆ ತೆಗೆಯಬೇಕೆಂದು ಪಕ್ಕದಲ್ಲಿ ಕೂರಿಸಿ ಕಲಿಸುವವರು ಸಿಗುವುದೇ ಅಪರೂಪ. ಕಫ ಗಟ್ಟಿಯಾಗಿ, ಎಷ್ಟು ಕೆಮ್ಮಿದರೂ ಬಾರದವರಿಗೆ ಉಪ್ಪುನೀರು ಪ್ರಯತ್ನಿಸುವುದು ಸರಿಯೇ, ಆದರೆ ಅದು ಎರಡನೆಯ ಹೆಜ್ಜೆ.

ವಹಿಸಲೇಬೇಕಾದ ಎಚ್ಚರಿಕೆಯೊಂದಿದೆ. ಗಾಢ ಉಪ್ಪುನೀರು ಕೆಲವರ ಶ್ವಾಸನಾಳವನ್ನು ಬಿಗಿಹಿಡಿಸಿ ಉಬ್ಬಸ ತರುತ್ತದೆ. ಅದಕ್ಕೇ ಮುಂಚೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಡುತ್ತಾರೆ, ಮೊದಲ ಸಲ ಆಸ್ಪತ್ರೆಯಲ್ಲೇ ಪರೀಕ್ಷಿಸುತ್ತಾರೆ. ಅಡುಗೆಮನೆಯ ಉಪ್ಪು ಕಲಸಿ ನೆಬುಲೈಜರ್‌ಗೆ ಹಾಕಿದರೆ ನೀರಿನಲ್ಲಿರುವ ರೋಗಾಣುಗಳನ್ನು ಕೆಟ್ಟ ಶ್ವಾಸಕೋಶದ ಆಳಕ್ಕೆ ನಾವೇ ತಲುಪಿಸಿದಂತೆ.

ಕ್ಷಯ ಚಿಕಿತ್ಸೆ ಮುಗಿದವರನ್ನು ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ನೋಡಬೇಕೆಂದು ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ. ರೋಗ ಮರುಕಳಿಸಿತೇ ಎಂಬುದರ ಮೇಲೆ ಅದರ ಗಮನ. ಆ ಭೇಟಿಯಲ್ಲೇ ದಿನವೂ ಕಫ ಬರುತ್ತದೆಯೇ, ಏದುಸಿರಿದೆಯೇ ಎಂದು ಕೇಳಿ, ಹೌದೆಂದವರನ್ನು ಜಿಲ್ಲಾಸ್ಪತ್ರೆಯ ಫಿಸಿಯೊಥೆರಪಿ ವಿಭಾಗಕ್ಕೆ ಕಳುಹಿಸಲು ಹೊಸ ಕಟ್ಟಡವಾಗಲಿ ಹೊಸ ಔಷಧವಾಗಲಿ ಬೇಕಿಲ್ಲ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ, ಕಲಿಸಬಲ್ಲ ಸಿಬ್ಬಂದಿ ಇದ್ದರೆ ಈ ಕೆಲಸ ಆರಂಭಿಸಬಹುದು.