ಬದುಕಿದವರನ್ನು ಕೊಲ್ಲುವ ಬೆಳ್ಳಿತೆರೆ

ನಮ್ಮ ಯುದ್ಧಚಿತ್ರಗಳ ಮೇಲೆ ನನ್ನದೊಂದು ತಕರಾರು. ನಾಯಕನಟನೊಬ್ಬನನ್ನು ಬಿಟ್ಟರೆ, ಸಾಯದ ಸೈನಿಕನನ್ನು ಅವು ವೀರನೆಂದು ಒಪ್ಪುವುದೇ ಅಪರೂಪ. ಜೆ.ಪಿ. ದತ್ತಾ ಅವರ ‘ಬಾರ್ಡರ್’ (1997) ಚಿತ್ರವನ್ನೇ ನೋಡಿ. ಅದರ ಕಥೆ ನಿಜವಾಗಿ ನಡೆದದ್ದು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿದ್ದವರು ಸುಮಾರು 120 ಮಂದಿ. ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳು. ಬೆಳಗಾಗಿ ನಮ್ಮ ಹಂಟರ್ ವಿಮಾನಗಳು ಬರುವವರೆಗೆ ಅವರು ಜಾಗ ಬಿಟ್ಟು ಕದಲಲಿಲ್ಲ. ಮಡಿದವರು ಇಬ್ಬರು.

ಚಿತ್ರದಲ್ಲಾದರೋ ಒಬ್ಬರಾದ ಮೇಲೊಬ್ಬರು ಉರುಳುತ್ತಾರೆ! ಸುನಿಲ್ ಶೆಟ್ಟಿ ಅಭಿನಯಿಸಿದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ನೆಲಬಾಂಬು ಹಿಡಿದು ಟ್ಯಾಂಕಿಗೆ ಎದೆಗೊಟ್ಟು ಸಾಯುತ್ತಾನೆ. ನಿಜವಾದ ಭೈರೋನ್ ಸಿಂಗ್ ರಾಠೋಡರು 1972ರಲ್ಲಿ ಸೇನಾ ಪದಕ ಪಡೆದವರು, ತೀರಿಕೊಂಡದ್ದು 2022ರಲ್ಲಿ. ಚಿತ್ರಮಂದಿರದಲ್ಲಿ ಜನ ತಮಗಾಗಿ ಅಳುತ್ತಿದ್ದಾಗ ಆ ಹಿರಿಯರು ಮನೆಯಲ್ಲಿ ಊಟಕ್ಕೆ ಕುಳಿತಿದ್ದರೋ ಏನೋ!

ಕಥೆಗಾರನಿಗೆ ಅಷ್ಟು ಸ್ವಾತಂತ್ರ್ಯ ಬೇಡವೆ ಎನ್ನುವಿರಿ. ಬೇಕು. ಆದರೆ ಸೈನಿಕರ ಸೋದರಭಾವವೆಂದರೆ ಏನು? ಪಕ್ಕದ ಕಂದಕದವನು ಬೆಳಗು ಕಾಣುವಂತೆ ನೋಡಿಕೊಳ್ಳುವುದು. ಅದು ಕೈಗೂಡಿದ ರಾತ್ರಿಯನ್ನೇ ತಿದ್ದಿ, ಕೈಗೂಡಲಿಲ್ಲವೆಂದು ತೋರಿಸಿದರು. ನಾವೂ ಕರವಸ್ತ್ರ ಒದ್ದೆ ಮಾಡಿಕೊಂಡು ಮನೆಗೆ ಬಂದೆವು. ಬದುಕಿ ಬಂದವರ ಹೆಸರನ್ನು ಯಾರೂ ಕೇಳಲಿಲ್ಲ.